ಎಸಿ, ರೇಡಿಯೇಟರ್ ಫಿನ್ ಬಾಗಿದರೆ: ಯಾವಾಗ ನೆಟ್ಟಗೆ ಮಾಡಬೇಕು, ಹೇಗೆ ಮಾಡಬೇಕು

ನಿಮ್ಮ ಮನೆಯ ಸ್ಪ್ಲಿಟ್ ಎಸಿಯ ಔಟ್‌ಡೋರ್ ಯೂನಿಟ್ ಕೈಗೆಟಕುವ ಜಾಗದಲ್ಲಿದ್ದರೆ ಒಮ್ಮೆ ಅದರ ಹಿಂಬದಿ ನೋಡಿ. ಮುಂದೆ ಕಾಣುವುದು ಫ್ಯಾನು ಮತ್ತು ಅದರ ಜಾಲರಿ ಮಾತ್ರ. ಅಸಲಿ ಕೆಲಸ ನಡೆಯುವುದು ಗೋಡೆ ಕಡೆಗಿರುವ ಹಿಂಬದಿಯಲ್ಲಿ ಮತ್ತು ಒಂದು ಪಕ್ಕದಲ್ಲಿ. ಅಲ್ಲಿ ಕಾಗದದಷ್ಟೇ ತೆಳ್ಳಗಿನ ಅಲ್ಯೂಮಿನಿಯಂ ಹಾಳೆಗಳು ನೂರಾರು, ಒಂದರ ಪಕ್ಕ ಒಂದು ನಿಂತಿರುತ್ತವೆ. ಇವೇ ಫಿನ್‌ಗಳು. ಕೆಲವು ವರ್ಷ ಬಳಸಿದ ಯೂನಿಟ್ ಆದರೆ ಇವುಗಳ ಮೇಲೆ ಅಲ್ಲಲ್ಲಿ ಬೆಳ್ಳಗೆ ಹೊಳೆಯುವ ಪಟ್ಟೆಗಳು ಕಾಣುತ್ತವೆ. ಆ ಹೊಳಪು ಒಳ್ಳೆಯ ಲಕ್ಷಣವಲ್ಲ. ಫಿನ್‌ನ ಅಂಚು ಮಡಚಿಕೊಂಡು ಪಕ್ಕದ್ದರ ಮೇಲೆ ಮಲಗಿದಾಗ ಅದರ ಚಪ್ಪಟೆ ಮೈ ನಮ್ಮ ಕಡೆ ತಿರುಗುತ್ತದೆ. ಅದಕ್ಕೇ ಅಲ್ಲಿ ಬೆಳಕು ಹೊಳೆಯುವುದು. ನೆಟ್ಟಗಿರುವ ಫಿನ್‌ಗಳ ಜಾಗ ಕಪ್ಪಗೆ ಕಾಣಬೇಕು, ಯಾಕೆಂದರೆ ಅಲ್ಲಿ ನಮಗೆ ಕಾಣುತ್ತಿರುವುದು ಅವುಗಳ ನಡುವಿನ ಸಂದು.

ಆ ಸಂದು ಗಾಳಿಯ ದಾರಿ. ಫಿನ್ ನೆಟ್ಟಗೆ ಮಾಡುವುದು ಅಂದರೆ ಆ ದಾರಿಯ ಬಾಯಿ ತೆರೆಯುವುದು, ಅಷ್ಟೆ. ಲೋಹದ ಅಂದ ಸರಿಪಡಿಸುವ ಕೆಲಸ ಇದಲ್ಲ. ಇದೊಂದು ತಲೆಯಲ್ಲಿದ್ದರೆ ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಮುಟ್ಟಲೇಬಾರದು ಅನ್ನುವುದೆಲ್ಲ ತಾನಾಗಿ ತಿಳಿಯುತ್ತದೆ.

ಇಷ್ಟೊಂದು ಹಾಳೆ ಯಾಕೆ ಬೇಕು?

ಒಂದೂವರೆ ಟನ್ ಎಸಿ ಕೋಣೆಯಿಂದ ಸುಮಾರು 5.3 ಕಿಲೋವ್ಯಾಟ್‌ನಷ್ಟು ಶಾಖ ಎಳೆದು ಹೊರಗೆ ಹಾಕುತ್ತದೆ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ತಿನ್ನುವ ಕರೆಂಟೂ ಕೊನೆಗೆ ಶಾಖವೇ ಆಗಿ ಅದರ ಜೊತೆ ಸೇರುತ್ತದೆ. ಒಟ್ಟು ಹೆಚ್ಚುಕಡಿಮೆ 7 ಕಿಲೋವ್ಯಾಟ್ ಶಾಖವನ್ನು ಔಟ್‌ಡೋರ್ ಯೂನಿಟ್ ಗಾಳಿಗೆ ದಾಟಿಸಬೇಕು. ತೊಂದರೆ ಏನೆಂದರೆ, ಶಾಖ ಹೊರುವ ಕೆಲಸದಲ್ಲಿ ಗಾಳಿ ಬಹಳ ದುರ್ಬಲ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಎಷ್ಟು ಶಾಖ ಬೇಕೋ, ಅಷ್ಟೇ ಶಾಖವನ್ನು ಗಾಳಿ ಹೊರಬೇಕಾದರೆ ಸುಮಾರು 3,500 ಲೀಟರ್ ಗಾಳಿ ಬೇಕು. ಜೊತೆಗೆ, ಲೋಹದ ಮೈಯಿಂದ ಗಾಳಿಗೆ ಶಾಖ ದಾಟುವುದೂ ನಿಧಾನ. ಫಿನ್‌ಗಳನ್ನು ತೂರಿ ಹೋಗುವ ಕೊಳವೆಯೊಳಗಿನ ಗ್ಯಾಸ್ ಶಾಖವನ್ನು ಲೋಹಕ್ಕೆ ಬೇಗ ಬೇಗ ಕೊಡುತ್ತದೆ. ಗಾಳಿ ಅಷ್ಟು ಬೇಗ ತೆಗೆದುಕೊಳ್ಳುವುದಿಲ್ಲ.

ಈ ಕೊರತೆಯನ್ನು ತುಂಬಲು ಇರುವ ಉಪಾಯ, ಗಾಳಿ ಸವರಿಕೊಂಡು ಹೋಗುವ ಮೈಯನ್ನು ಹಿಗ್ಗಿಸುವುದು. ಲೆಕ್ಕ ಹಾಕಿ ನೋಡಿ. 80 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಎತ್ತರ, 2 ಸೆಂಟಿಮೀಟರ್ ಆಳದ ಒಂದು ಕಾಯಿಲ್, ಅಂದರೆ ಆ ಕೊಳವೆ ಮತ್ತು ಫಿನ್‌ಗಳು ಸೇರಿದ ಭಾಗ. ಒಂದು ಇಂಚಿಗೆ 14 ಫಿನ್ ಇವೆ ಅಂದುಕೊಳ್ಳಿ. ಒಟ್ಟು 440 ಫಿನ್ ಆಯಿತು. ಒಂದೊಂದಕ್ಕೂ ಎರಡು ಮೈ. ಎಲ್ಲ ಸೇರಿಸಿದರೆ ಸುಮಾರು 9 ಚದರ ಮೀಟರ್. ಅಂದರೆ ಹತ್ತು ಅಡಿಗೆ ಹತ್ತು ಅಡಿ ಕೋಣೆಯ ನೆಲಕ್ಕೆ ಹತ್ತಿರ ಹತ್ತಿರ. ಅಷ್ಟನ್ನೂ ಒಂದು ಸೂಟ್‌ಕೇಸಿನಷ್ಟು ಜಾಗದಲ್ಲಿ ಕೂರಿಸಿದ್ದಾರೆ. ಒಂದು ಫಿನ್‌ಗೂ ಇನ್ನೊಂದಕ್ಕೂ ನಡುವೆ ಉಳಿಯುವ ಸಂದು 1.7 ಮಿಲಿಮೀಟರ್ ಮಾತ್ರ.

ಈಗ ಆ ಸಂದಿನ ಬಾಯಲ್ಲಿ ಒಂದು ಫಿನ್‌ನ ಅಂಚು ಎರಡೇ ಎರಡು ಮಿಲಿಮೀಟರ್ ಮಡಚಿತು ಅಂದುಕೊಳ್ಳಿ. ಲೋಹ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಆದರೆ ಬಾಯಿ ಮುಚ್ಚಿತು. ಅದರ ಹಿಂದಿನ ಅಷ್ಟೂ ಆಳ ಕೆಲಸವಿಲ್ಲದೆ ಸುಮ್ನೆ ನಿಂತುಬಿಡುತ್ತದೆ. ಹಾಳಾದದ್ದು ಎರಡು ಮಿಲಿಮೀಟರ್, ನಷ್ಟವಾದದ್ದು ಇಪ್ಪತ್ತು. ಇದನ್ನೇ ತಿರುಗಿಸಿ ಓದಿದರೆ ಸಮಾಧಾನದ ಸುದ್ದಿಯೂ ಇದೆ. ಸರಿಪಡಿಸಬೇಕಾದದ್ದೂ ಆ ಹೊರಗಿನ ಎರಡು ಮೂರು ಮಿಲಿಮೀಟರ್ ಅಂಚನ್ನು ಮಾತ್ರ. ಒಳಗೆ ಕೈ ಹಾಕುವ ಅಗತ್ಯವೇ ಇಲ್ಲ.

ಬಾಗಿದ್ದೆಲ್ಲ ತೊಂದರೆಯೇ?

ಅಲ್ಲ. ಔಟ್‌ಡೋರ್ ಯೂನಿಟ್‌ನಲ್ಲಿ ಅಂಗೈಯಗಲದ ಜಾಗ ಮಲಗಿದ್ದರೆ ನಿಮಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಗಾಳಿ ಪಕ್ಕದ ಸಂದುಗಳಲ್ಲಿ ನುಗ್ಗಿ ಹೋಗುತ್ತದೆ. ಅದಕ್ಕಾಗಿ ಸ್ಟೂಲು ಹತ್ತಿ ಇಳಿಯುವುದು ಬೇಡ. ಹಿಂಬದಿಯ ಕಾಲು ಭಾಗಕ್ಕಿಂತ ಜಾಸ್ತಿ ಮುಚ್ಚಿದ್ದರೆ ಮಾತ್ರ ಅದು ನಿಜವಾದ ತೊಂದರೆ. ಆಗ ಶಾಖ ಹೊರಹೋಗಲು ಕಾಯಿಲ್ ಇನ್ನಷ್ಟು ಬಿಸಿಯಾಗಬೇಕಾಗುತ್ತದೆ. ಚೆನ್ನಾಗಿರುವ ಎಸಿಯಲ್ಲೂ ಗ್ಯಾಸ್ ದ್ರವವಾಗುವ ಬಿಸಿ ಹೊರಗಿನ ಗಾಳಿಗಿಂತ 10ರಿಂದ 15 ಡಿಗ್ರಿ ಮೇಲಿರುತ್ತದೆ. ದಾರಿ ಕಟ್ಟಿದಾಗ ಅದು ಇನ್ನೂ ಏರುತ್ತದೆ. ಏರಿದ ಒಂದೊಂದು ಡಿಗ್ರಿಗೂ ಕಂಪ್ರೆಸರ್ ಸುಮಾರು 2-3% ಜಾಸ್ತಿ ಕರೆಂಟ್ ಎಳೆಯುತ್ತದೆ ಎಂದು ಈ ಕ್ಷೇತ್ರದವರು ಲೆಕ್ಕ ಇಡುತ್ತಾರೆ.

ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ದಾಟುತ್ತದೆ. ಅಲ್ಲಿ ಕಾಯಿಲ್‌ಗೆ ಉಸಿರಾಡಲು ಮೊದಲೇ ಜಾಗ ಕಡಿಮೆ. ಬೆಂಗಳೂರಿನಲ್ಲಿ ಗಮನಕ್ಕೇ ಬಾರದ ದೋಷ ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕಂಪ್ರೆಸರನ್ನು ಟ್ರಿಪ್ ಮಾಡಿಸಬಹುದು. ರಾತ್ರಿ ಚೆನ್ನಾಗಿ ತಂಪು ಕೊಡುವ ಎಸಿ ಮಧ್ಯಾಹ್ನ ಮಾತ್ರ ಸೋಲುತ್ತಿದ್ದರೆ ಮೊದಲು ನೋಡಬೇಕಾದದ್ದು ಔಟ್‌ಡೋರ್ ಯೂನಿಟ್‌ನ ಬೆನ್ನು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ತಂಪು ಕಡಿಮೆಯಾಯಿತು ಅಂದ ಕೂಡಲೇ "ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು" ಅನ್ನುವ ಉತ್ತರ ಬಹಳ ಸಲ ಸಿಗುತ್ತದೆ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ, ಮೊದಲು ಆ ಜಾಗ ಹುಡುಕಬೇಕು. ಸೋರಿಕೆ ತೋರಿಸದೆ, ಕಾಯಿಲ್ ಕಡೆ ತಿರುಗಿಯೂ ನೋಡದೆ ಗ್ಯಾಸ್ ತುಂಬಿಸಲು ಹೊರಟರೆ ತಡೆದು ಕೇಳಿ. ದುಡ್ಡು ನಿಮ್ಮದು. ಕಾಯಿಲ್ ಕಟ್ಟಿಕೊಂಡಿರುವಾಗ ಗ್ಯಾಸ್ ಮೇಲೆ ಗ್ಯಾಸ್ ತುಂಬಿದರೆ ಒತ್ತಡ ಇನ್ನೂ ಏರಿ ಕಂಪ್ರೆಸರ್‌ಗೇ ಪೆಟ್ಟು.

ಒಳಗಿನ ಯೂನಿಟ್‌ನ ಕಾಯಿಲ್ ಸ್ವಲ್ಪ ಬೇರೆ ಥರ. ಅದು ತಣ್ಣಗಿರುವ ಕಾಯಿಲ್, ಗಾಳಿಯ ತೇವ ಅದರ ಮೇಲೆ ನೀರಾಗಿ ಇಳಿಯುತ್ತಿರುತ್ತದೆ. ಅಲ್ಲಿ ಗಾಳಿ ಕಡಿಮೆಯಾದರೆ ಕಾಯಿಲ್ ಅತಿಯಾಗಿ ತಣ್ಣಗಾಗಿ ಮಂಜು ಕಟ್ಟುತ್ತದೆ. ಮಂಜು ಇನ್ನಷ್ಟು ಸಂದು ಮುಚ್ಚುತ್ತದೆ, ಮತ್ತೆ ಮಂಜು ಕಟ್ಟುತ್ತದೆ. ಬಾಗಿದ ಅಂಚಿನಲ್ಲಿ ನೀರೂ ನಿಲ್ಲುತ್ತದೆ. ಫ್ಯಾನಿನ ಗಾಳಿಗೆ ಆ ಹನಿ ಕೋಣೆಯೊಳಗೆ ಹಾರಬಹುದು. ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿ ಇಳಿಯಲಿ ಅಂತ ಈ ಫಿನ್‌ಗಳಿಗೆ ಒಂದು ಲೇಪ ಕೊಟ್ಟಿರುತ್ತಾರೆ. ಹಲವು ಎಸಿಗಳಲ್ಲಿ ನೀಲಿ ಬಣ್ಣ ಕಾಣುವುದು ಅದೇ. ಹಾಗಾಗಿ ಒಳಗಿನ ಕಾಯಿಲ್‌ನಲ್ಲಿ ಫಿನ್ ನೆಟ್ಟಗೆ ಮಾಡುವ ಬಾಚಣಿಗೆ ಆಡಿಸಿದಷ್ಟೂ ಆ ಲೇಪಕ್ಕೆ ನಷ್ಟ. ಬಾಗಿದ ಜಾಗವನ್ನು ಮಾತ್ರ ಮುಟ್ಟಿ.

ಬಾಗಿಸುವವರು ಯಾರು?

ಅಲಿಕಲ್ಲು ಮಳೆ, ಮಕ್ಕಳ ಚೆಂಡು, ಕೋತಿ, ಪಾರಿವಾಳ, ಮನೆ ಬದಲಾಯಿಸುವಾಗ ಯೂನಿಟ್ಟನ್ನು ಬೆನ್ನ ಮೇಲೆ ಮಲಗಿಸಿ ಸಾಗಿಸುವುದು, ಇವೆಲ್ಲ ಇವೆ. ಆದರೆ ಫಿನ್‌ಗಳು ಸಾಲುಸಾಲಾಗಿ ಮಲಗಿದ್ದರೆ ನನ್ನ ಅನುಮಾನ ಹೋಗುವುದು ಸರ್ವಿಸ್ ಮಾಡುವ ಕೈಯ ಮೇಲೆಯೇ. ಜೆಟ್ ಪಂಪಿನ ನೀರನ್ನು ಹತ್ತಿರದಿಂದ, ಅದೂ ಓರೆಯಾಗಿ ಹೊಡೆದರೆ 0.1 ಮಿಲಿಮೀಟರ್ ದಪ್ಪದ ಹಾಳೆ ತಡೆಯುವುದಿಲ್ಲ. ಗನ್ ಓಡಿದ ದಾರಿಯುದ್ದಕ್ಕೂ ಪಟ್ಟೆ ಬೀಳುತ್ತದೆ. ಇನ್ನೊಂದು ಕಾರಣ ಬ್ರಷ್ಷು. ಫಿನ್ ಮೇಲಿಂದ ಕೆಳಕ್ಕೆ ನಿಂತಿದ್ದರೆ ಬ್ರಷ್ಷೂ ಮೇಲಿಂದ ಕೆಳಕ್ಕೇ ಹೋಗಬೇಕು. ಅಡ್ಡ ಉಜ್ಜಿದರೆ ಒಂದೇ ಎಳೆತಕ್ಕೆ ಹತ್ತಾರು ಮಲಗುತ್ತವೆ.

ನೀರು ಹೊಡೆಯುವ ಸರಿಯಾದ ರೀತಿ ಕಷ್ಟದ್ದೇನಲ್ಲ. ಕಾಯಿಲ್‌ಗೆ ನೇರವಾಗಿ ಎದುರು ನಿಂತು, ದೂರದಿಂದ, ಹರಡಿದ ಧಾರೆಯಲ್ಲಿ ಬಿಡಬೇಕು. ಸಾಧ್ಯವಾದರೆ ಒಳಗಿನಿಂದ ಹೊರಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ. ಧೂಳು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಬಾಚುವ ಮೊದಲು

ನೆಟ್ಟಗೆ ಮಾಡಲು ಕೂರುವ ಮುಂಚೆ ಒಂದು ಟಾರ್ಚ್ ತನ್ನಿ. ಎಂಸಿಬಿ, ಅಂದರೆ ಎಸಿಗೆ ಕರೆಂಟ್ ಹೋಗುವ ಮುಖ್ಯ ಸ್ವಿಚ್, ಆಫ್ ಮಾಡಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಫ್ಯಾನ್ ಕಡೆಯಿಂದ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿ. ಒಂದೇ ಸಾಲಿನ ಕಾಯಿಲ್ ಆದರೆ ಬೆಳಕು ಸಂದುಗಳಲ್ಲಿ ತೂರಿ ಬರಬೇಕು. ಫಿನ್ ನೆಟ್ಟಗಿದ್ದೂ ಬೆಳಕು ಬರದಿದ್ದರೆ ಒಳಗೆ ಧೂಳು ಕೂತಿದೆ. ನಾನು ಕಂಡ ಮಟ್ಟಿಗೆ ಬಾಗಿದ ಫಿನ್‌ಗಿಂತ ಧೂಳೇ ಜಾಸ್ತಿ ಕೆಡಿಸುತ್ತದೆ. ಬೂರುಗದ ಮರ ಹತ್ತಿರವಿದ್ದರೆ ಬೇಸಿಗೆಯಲ್ಲಿ ಅದರ ಹತ್ತಿ ಬಂದು ಕಾಯಿಲ್ ಮೇಲೆ ಕಂಬಳಿಯ ಥರ ಕೂರುತ್ತದೆ. ಕೆಳಗೆ ಎಷ್ಟೇ ನೆಟ್ಟಗಿನ ಫಿನ್ ಇದ್ದರೂ ಏನು ಬಂತು?

ಆದ್ದರಿಂದ ಮೊದಲು ಒಣ ಧೂಳು ತೆಗೆಯಿರಿ. ಮೆತ್ತನೆ ಬ್ರಷ್, ಇದ್ದರೆ ವ್ಯಾಕ್ಯೂಮ್ ಕ್ಲೀನರ್. ಆಮೇಲೆ ಬಾಚುವುದು, ಕೊನೆಗೆ ನೀರು. ನೀರು ಮೊದಲು ಬಿಟ್ಟರೆ ಧೂಳು ಕೆಸರಾಗಿ ಸಂದಿನೊಳಗೆ ಅಂಟಿಕೊಳ್ಳುತ್ತದೆ. ಸೋಪು ತಯಾರಿಸಲು ಬಳಸುವ ಕಾಸ್ಟಿಕ್ ಸೋಡಾ, ಟಾಯ್ಲೆಟ್ ತೊಳೆಯುವ ಆಸಿಡ್ ಇವನ್ನು ಹತ್ತಿರವೂ ತರಬೇಡಿ. ಎರಡೂ ಅಲ್ಯೂಮಿನಿಯಂ ತಿನ್ನುತ್ತವೆ. ನೊರೆ ಎದ್ದು ಕೊಳೆ ಬಿಟ್ಟಂತೆ ಕಾಣುತ್ತದೆ, ನಿಜವಾಗಿ ಕರಗುತ್ತಿರುವುದು ಫಿನ್.

ಕೈಗೆ ದಪ್ಪ ಗ್ಲೌಸ್ ಬೇಕೇ ಬೇಕು. ಫಿನ್‌ನ ಅಂಚು ಬ್ಲೇಡಿನಷ್ಟೇ ಹರಿತ, ಕೊಯ್ದದ್ದು ರಕ್ತ ಬಂದ ಮೇಲೇ ಗೊತ್ತಾಗುವುದು. ವೈರಿಂಗ್ ಇರುವ ಪಕ್ಕದ ಮುಚ್ಚಳ ತೆಗೆಯಬೇಡಿ. ಅಲ್ಲಿನ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಶಾಕ್ ಹೊಡೆಯಬಲ್ಲದು. ಇನ್ನು, ಯೂನಿಟ್ ಮೂರನೇ ಮಹಡಿಯ ಗೋಡೆಗೆ ನೇತಾಡುತ್ತಿದ್ದರೆ ಈ ಕೆಲಸ ನಿಮ್ಮದಲ್ಲ. ಕಿಟಕಿಯಿಂದ ಬಗ್ಗಿ ಮಾಡಲು ಹೋಗಬೇಡಿ. ಹಗ್ಗ, ಬೆಲ್ಟ್ ಇರುವವರನ್ನೇ ಕರೆಸಿ.

ಬಾಚಣಿಗೆ ಮತ್ತು ಕೈ

ಇದಕ್ಕೆಂದೇ ಸಿಗುವ ಸಾಧನಕ್ಕೆ ಫಿನ್ ಕೋಂಬ್ ಅನ್ನುತ್ತಾರೆ. ಆನ್‌ಲೈನಿನಲ್ಲೂ ಎಸಿ, ಫ್ರಿಜ್ ಬಿಡಿಭಾಗದ ಅಂಗಡಿಗಳಲ್ಲೂ ಸಿಗುತ್ತದೆ. ಒಂದು ಬಗೆಯಲ್ಲಿ ಪ್ಲಾಸ್ಟಿಕ್ಕಿನ ಆರು ಮುಖ ಇರುತ್ತವೆ. ಒಂದೊಂದು ಮುಖದ ಮೇಲೂ 8, 10, 12, 14 ಹೀಗೆ ಸಂಖ್ಯೆ. ಅದು ಒಂದು ಇಂಚಿಗೆ ಎಷ್ಟು ಫಿನ್ ಅನ್ನುವ ಲೆಕ್ಕ. ನಿಮ್ಮ ಕಾಯಿಲ್ ಎಷ್ಟರದ್ದು ಎಂದು ತಿಳಿಯಲು ನೆಟ್ಟಗಿರುವ ಜಾಗದಲ್ಲಿ ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಫಿನ್ ಇವೆ ಎಣಿಸಿ. ಕಣ್ಣು ತಪ್ಪಿದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೊಂಡು ಎಣಿಸುವುದು ಸುಲಭ. ಸಂಖ್ಯೆ ಸರಿಹೊಂದದ ಬಾಚಣಿಗೆ ಹಾಕಿದರೆ ಒಂದು ಹಲ್ಲು ಸಂದಿಗೆ ಇಳಿಯುತ್ತದೆ, ಪಕ್ಕದ್ದು ಫಿನ್ ಮೇಲೆಯೇ ಕೂರುತ್ತದೆ. ನೆಟ್ಟಗಿದ್ದದ್ದೂ ಹಾಳು. ತಲೆ ಬಾಚುವ ಹಣಿಗೆಯಿಂದ ಆಗಲಿಕ್ಕಿಲ್ಲವೇ ಅಂತ ಕೇಳುವವರಿದ್ದಾರೆ. ಅದರಲ್ಲಿ ಆಗುವ ತೊಂದರೆಯೂ ಇದೇ.

ಬಾಗಿದ ಜಾಗಕ್ಕೆ ನೇರ ಹಲ್ಲು ಚುಚ್ಚಬೇಡಿ. ಅದರ ಮೇಲೆ ಅಥವಾ ಕೆಳಗೆ ಫಿನ್ ನೆಟ್ಟಗಿರುವ ಕಡೆ ಹಲ್ಲುಗಳನ್ನು ಸಂದಿಗೆ ಇಳಿಸಿ. ಎಲ್ಲ ಹಲ್ಲೂ ಸರಿಯಾಗಿ ಕೂತವೇ ನೋಡಿ. ಆಮೇಲೆ ಫಿನ್‌ನ ಉದ್ದಕ್ಕೇ, ಬಾಗಿದ ಕಡೆಗೆ ಮೆಲ್ಲಗೆ ಎಳೆಯಿರಿ. ಒಂದು ಸಲಕ್ಕೆ ಎರಡು ಮೂರು ಸೆಂಟಿಮೀಟರ್ ಸಾಕು. ಬಿಗಿ ಅನಿಸಿದರೆ ನಿಲ್ಲಿಸಿ, ಹಿಂದಕ್ಕೆ ತನ್ನಿ, ಮತ್ತೆ ಹೋಗಿ. ಹಲ್ಲಿನ ತುದಿ ಅಂಚಿನಿಂದ ಕೆಲವೇ ಮಿಲಿಮೀಟರ್ ಒಳಗಿರಬೇಕು. ಕಡ್‌ಕಡ್ ಅಂತ ಏನಾದರೂ ತಾಗಿದರೆ ಅದು ಅಡ್ಡಕ್ಕೆ ಹೋಗಿರುವ ಕೊಳವೆ. ಅಷ್ಟು ಆಳ ಹೋಗುವ ಹಾಗಿಲ್ಲ.

ಪೂರ್ತಿ ಮಡಚಿ ಅಂಟಿಕೊಂಡ ಫಿನ್‌ಗೆ ಬಾಚಣಿಗೆ ಹಿಡಿಯುವುದಿಲ್ಲ. ಅದಕ್ಕೆ ಮೊಂಡು ಚಾಕುವಿನ ತುದಿಯೋ ತೆಳ್ಳಗಿನ ಚಿಮಟವೋ ಬೇಕು. ಒಂದೊಂದೇ ಅಂಚನ್ನು ಅರ್ಧದಷ್ಟು ಎತ್ತಿ ನಿಲ್ಲಿಸಿಕೊಂಡು ಬನ್ನಿ, ಆಮೇಲೆ ಬಾಚಣಿಗೆ. ಒಂದೇ ಎತ್ತಿಗೆ ನೆಟ್ಟಗೆ ಮಾಡಲು ಹೋದರೆ ಮಡಿಕೆಯ ಜಾಗದಲ್ಲಿ ಹರಿಯುತ್ತದೆ. ಅಲ್ಯೂಮಿನಿಯಂ ಒಮ್ಮೆ ಬಾಗಿದ ಕಡೆ ಗಡುಸಾಗುತ್ತದೆ. ಅದೇ ಜಾಗದಲ್ಲಿ ಹಿಂದೆ ಮುಂದೆ ಮಾಡಿದರೆ ಬಿರುಕು ಬಿಟ್ಟು ಕಿತ್ತು ಬರುತ್ತದೆ. ಒಂದು ಸಲ ನೆಟ್ಟಗಾದ ಫಿನ್ ಸ್ವಲ್ಪ ಸೊಟ್ಟ ಕಂಡರೂ ಬಿಟ್ಟುಬಿಡಿ. ಸಂದು ತೆರೆದಿದೆ ಅಲ್ವಾ? ಗಾಳಿಗೆ ಅಷ್ಟು ಸಾಕು.

ಇಷ್ಟು ಎಚ್ಚರ ಯಾಕೆ ಅಂದರೆ, ಒಳಗಿನ ತಾಮ್ರದ ಕೊಳವೆಯ ಗೋಡೆ ಅರ್ಧ ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅದರೊಳಗೆ ಈಗಿನ ಬಹಳಷ್ಟು ಎಸಿಗಳಲ್ಲಿ ಇರುವ ಆರ್-32 ಗ್ಯಾಸ್, ಎಸಿ ಓಡುವಾಗ 30 ಬಾರ್ ಆಸುಪಾಸಿನ ಒತ್ತಡದಲ್ಲಿರುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಎಸಿ ಆಫ್ ಮಾಡಿದರೂ ಒತ್ತಡ ಪೂರ್ತಿ ಇಳಿಯುವುದಿಲ್ಲ, 30 ಡಿಗ್ರಿ ಹವೆಯಲ್ಲಿ 18 ಬಾರ್ ಹತ್ತಿರ ಇದ್ದೇ ಇರುತ್ತದೆ. ಆರ್-32 ಸುಲಭಕ್ಕಲ್ಲದಿದ್ದರೂ ಬೆಂಕಿ ಹಿಡಿಯುವ ಗ್ಯಾಸ್. ಕೆಲವು ಎಸಿಗಳಲ್ಲಿರುವ ಆರ್-290 ಅಂದರೆ ಪ್ರೋಪೇನ್, ಅದಂತೂ ಅಡುಗೆ ಗ್ಯಾಸಿನ ಜಾತಿಯದೇ. ಸ್ಕ್ರೂಡ್ರೈವರ್ ತುದಿಯಿಂದ ಫಿನ್ ಎಬ್ಬಿಸುವವರನ್ನು ಕಂಡಾಗ ನನಗೆ ಭಯವಾಗುವುದು ಇದಕ್ಕೇ.

ಕೆಲವು ಎಸಿಗಳಲ್ಲಿ ತಾಮ್ರವೇ ಇರುವುದಿಲ್ಲ. ಪಕ್ಕದಲ್ಲಿ ಯು ಆಕಾರದ ತಾಮ್ರದ ತಿರುವುಗಳು ಕಾಣದೆ, ಚಪ್ಪಟೆ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಅಂಕುಡೊಂಕಾಗಿ ಮಡಚಿದ ಫಿನ್ ಕಂಡರೆ ಅದು ಮೈಕ್ರೋಚಾನೆಲ್ ಕಾಯಿಲ್. ಅದರ ಚಪ್ಪಟೆ ಕೊಳವೆಗಳು ಹೊರ ಅಂಚಿನವರೆಗೂ ಬಂದಿರುತ್ತವೆ. ಬಾಚಣಿಗೆಯನ್ನು ಉದ್ದಕ್ಕೂ ಎಳೆಯಲು ಬರುವುದಿಲ್ಲ, ಪ್ರತಿ ಸಾಲಿಗೂ ಕೊಳವೆ ಅಡ್ಡ ಬರುತ್ತದೆ.

ಕಾರು, ಬೈಕು, ಟ್ರ್ಯಾಕ್ಟರ್

ಕಾರಿನ ಕಥೆಯೂ ಅದೇ. ಮುಂದಿನ ಗ್ರಿಲ್ ಹಿಂದೆ ಮೊದಲು ಕಾಣುವುದು ಎಸಿ ಕಂಡೆನ್ಸರ್ (ಶಾಖ ಹೊರಹಾಕುವ ಕಾಯಿಲ್), ಅದರ ಹಿಂದೆ ಎಂಜಿನ್ನಿನ ರೇಡಿಯೇಟರ್. ಹೆದ್ದಾರಿಯ ಕಲ್ಲು, ಹುಳು ಎಲ್ಲ ಬಂದು ಬಡಿಯುವುದು ಕಂಡೆನ್ಸರ್‌ಗೆ. ಗಾಳಿಗೆ ಮೈ ಹಿಗ್ಗಿಸುವ ಈ ಉಪಾಯ ಕಾರಿನಷ್ಟೇ ಹಳೆಯದು ಅನ್ನಬಹುದು. 1900ರಲ್ಲಿ ವಿಲ್‌ಹೆಲ್ಮ್ ಮೇಬ್ಯಾಕ್ ಮೊದಲ ಮರ್ಸಿಡಿಸ್ ಕಾರಿಗೆ ಮಾಡಿದ ಜೇನುಗೂಡಿನ ರೇಡಿಯೇಟರ್‌ನಲ್ಲಿ 8,070 ಪುಟ್ಟ ಚೌಕ ಕೊಳವೆಗಳಿದ್ದವು.

ಕಾರಿನಲ್ಲಿ ಎರಡು ಸಾಲು ಕೊಳವೆಗಳ ನಡುವಿನ ಫಿನ್‌ನ ಎತ್ತರ ಒಂದು ಸೆಂಟಿಮೀಟರ್‌ಗಿಂತ ಕಡಿಮೆ. ಹಾಗಾಗಿ ಇಲ್ಲಿ ಸಾಲಿನಿಂದ ಸಾಲಿಗೆ, ತೆಳ್ಳಗಿನ ಪ್ಲಾಸ್ಟಿಕ್ ಕಡ್ಡಿಯಂಥದ್ದರಲ್ಲಿ ಎಬ್ಬಿಸಬೇಕು. ಬಲ ಬೀಳಬೇಕಾದದ್ದು ಫಿನ್ ಮೇಲೆ, ಕೊಳವೆಯ ಮೇಲೆ ಅಲ್ಲ. ಕೊಳವೆಯನ್ನು ಮೀಟುಗೋಲಿನ ಆಸರೆಯಂತೆ ಬಳಸಿದರೆ ತೂತು ಬೀಳುವುದು ಖಚಿತ. ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಕೀ ತೆಗೆದಿರಲಿ. ಆಗಷ್ಟೇ ಎಂಜಿನ್ ನಿಲ್ಲಿಸಿದ ಕಾರಿನಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಲು ಶುರುವಾಗಬಹುದು. ಶಿರಾಡಿ, ಚಾರ್ಮಾಡಿ ಹತ್ತುವಾಗ ಟೆಂಪರೇಚರ್ ಮುಳ್ಳು ಏರುತ್ತಿದ್ದರೆ ಕೂಲಂಟ್ ಮಟ್ಟ, ಫ್ಯಾನ್ ನೋಡಿದ ಮೇಲೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದನ್ನೂ ನೋಡಿಸಿ. ಎಲೆ, ಕಸ ಸಿಕ್ಕಿಕೊಳ್ಳುವುದು ಅಲ್ಲಿ, ಹೊರಗಿನಿಂದ ಕಾಣುವುದೇ ಇಲ್ಲ.

ನೀರಿನಿಂದ ತಂಪಾಗುವ ಬೈಕುಗಳ ರೇಡಿಯೇಟರ್ ಮುಂದಿನ ಚಕ್ರದ ಹಿಂದೆಯೇ ಇರುತ್ತದೆ, ಚಕ್ರ ಎಸೆದ ಕಲ್ಲು ನೇರ ಅದಕ್ಕೆ. ಗಾರ್ಡ್ ಹಾಕಿಸುವುದು ಒಳ್ಳೆಯದು. ಇನ್ನು ಗಂಗಾವತಿ, ಸಿಂಧನೂರು ಕಡೆ ಭತ್ತ ಕೊಯ್ಯುವ ಯಂತ್ರಗಳಲ್ಲಿ, ಟ್ರ್ಯಾಕ್ಟರ್‌ಗಳಲ್ಲಿ ಬಾಗುವುದಕ್ಕಿಂತ ಹೊಟ್ಟು ತುಂಬುವುದೇ ದೊಡ್ಡ ಪಾಡು. ಏರ್ ಕಂಪ್ರೆಸರಿನ ಗಾಳಿಯನ್ನು ಫ್ಯಾನ್ ಕಡೆಯಿಂದ ಹೊರಕ್ಕೆ, ನೇರವಾಗಿ, ಸ್ವಲ್ಪ ದೂರದಿಂದ ಬಿಡಬೇಕು. ನಳಿಕೆ ಫಿನ್‌ಗೆ ತಾಗಿಸಿ ಓರೆ ಹಿಡಿದರೆ ಗಾಳಿಯೂ ಫಿನ್ ಮಲಗಿಸುತ್ತದೆ.

ಯಾವುದನ್ನು ಬಿಟ್ಟುಬಿಡಬೇಕು

ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ತಾಮ್ರಕ್ಕೆ ತಾಗಿಕೊಂಡ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಫಿನ್ ಮೇಲೆ ಬಿಳಿ ಪುಡಿ ಕಂಡರೆ, ಬೆರಳು ತಾಗಿಸಿದರೆ ಉದುರಿದರೆ ಬಾಚಣಿಗೆ ಒಳಗಿಡಿ. ಬಾಚಿದಷ್ಟೂ ಫಿನ್ ಕಳೆದುಕೊಳ್ಳುತ್ತೀರಿ. ಅಲ್ಲಿ ಫಿನ್ ಮತ್ತು ಕೊಳವೆಯ ಹಿಡಿತವೇ ಸಡಿಲವಾಗಿರುತ್ತದೆ, ಶಾಖ ಕೊಳವೆಯಿಂದ ಫಿನ್‌ಗೆ ಬರುವುದೇ ಇಲ್ಲ. ಅಂಥ ಕಾಯಿಲ್‌ಗೆ ಬದಲಾವಣೆಯೇ ಮದ್ದು. ಎಣ್ಣೆಯ ಜಿಡ್ಡು ಮೆತ್ತಿದ ಕಲೆ ಕಂಡರೂ ಅಷ್ಟೇ, ಅದು ಗ್ಯಾಸ್ ಸೋರಿಕೆಯ ಗುರುತು ಇರಬಹುದು. ಏನನ್ನೂ ಮುಟ್ಟದೆ ಟೆಕ್ನಿಷಿಯನ್‌ಗೆ ತೋರಿಸಿ.

ಕೆಲಸ ಮುಗಿದ ಮೇಲೆ ಕಾಯಿಲ್ ಒಣಗಲು ಬಿಟ್ಟು ಎಸಿ ಹಾಕಿ, ಕಾಲು ಗಂಟೆ ಓಡಲಿ. ಒಳಗಿನ ಯೂನಿಟ್‌ಗೆ ಹೋಗುವ ಗಾಳಿಗೂ ಅಲ್ಲಿಂದ ಬರುವ ಗಾಳಿಗೂ 8ರಿಂದ 12 ಡಿಗ್ರಿ ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಎಲ್ಲ ಸರಿಯಿದೆ. ಮತ್ತೆ ಬಾಗದಿರಲಿ ಅಂತ ಔಟ್‌ಡೋರ್ ಯೂನಿಟ್‌ನ ಬೆನ್ನಿಗೆ ಜಾಲರಿ ಕಟ್ಟುವುದಾದರೆ ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ಕಟ್ಟಿ. ಸೊಳ್ಳೆ ಪರದೆಯ ಬಟ್ಟೆ ಬೇಡ. ಅದು ಚೆಂಡನ್ನೂ ತಡೆಯುವುದಿಲ್ಲ, ಒಂದೇ ತಿಂಗಳಲ್ಲಿ ಧೂಳು ಹಿಡಿದು ತಾನೇ ಗಾಳಿಗೆ ಅಡ್ಡ ನಿಲ್ಲುತ್ತದೆ.